ನಾಯಿ ಮೈ ಕೆರಕೊಳ್ಳುತ್ತಿದೆಯೇ? ಎಣ್ಣೆಯೋ, ಶಾಂಪೂವೋ, ಗುಳಿಗೆಯೋ

ನಮ್ಮ ಕೆಂಪಿ ರಾತ್ರಿ ಎರಡು ಗಂಟೆಗೆ ಎದ್ದು ಕೆರಕೊಳ್ಳಲು ಶುರು ಮಾಡಿದರೆ, ಅವಳ ಹಿಂಗಾಲು ಪಡಸಾಲೆಯ ಹಾಸುಗಲ್ಲಿಗೆ ಬಡಿಯುವ ಸದ್ದಿಗೇ ಮನೆಮಂದಿಗೆಲ್ಲ ಎಚ್ಚರವಾಗುತ್ತಿತ್ತು. ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹಂಚಿನ ಮನೆ ನಮ್ಮದು. ಕೆಂಪಿ ಓಣಿಯಲ್ಲೇ ಹುಟ್ಟಿ ನಮ್ಮ ಮನೆ ಸೇರಿದ ನಾಟಿ ನಾಯಿ. ಎರಡು ಮಳೆಗಾಲದ ಹಿಂದೆ ಅವಳ ಬಾಲದ ಬುಡದಲ್ಲಿ ಕೂದಲು ಉದುರಿ, ಚರ್ಮ ಕೆಂಪಗಾಗಿ, ಹಲ್ಲಿನಿಂದ ಕಡಿದುಕೊಂಡ ಗಾಯಗಳಾದವು. ಎದುರು ಮನೆಯ ಅಜ್ಜಿ "ಬೇವಿನೆಣ್ಣಿ ಹಚ್ಚವಾ, ಮೂರ ದಿನದಾಗ ಹೋಗ್ತದ" ಅಂದರು. ಔಷಧದ ಅಂಗಡಿಯಲ್ಲಿ ಹುಳಕಡ್ಡಿಗೆ ಹಚ್ಚುವ ಟ್ಯೂಬ್ ಕೊಟ್ಟರು. ಹಾಲು ಹಾಕುವ ಕಾಕಾ ತಮ್ಮ ಎಮ್ಮೆಗೆ ಹೊಡೆಯುವ ಉಣ್ಣಿ ಔಷಧದ ಬಾಟಲಿಯನ್ನೇ ತಂದು ಕಟ್ಟೆಯ ಮೇಲಿಟ್ಟರು. ಎಲ್ಲರೂ ಕೆಂಪಿಯ ಮೇಲಿನ ಅಂತಃಕರಣದಿಂದಲೇ ಹೇಳಿದ್ದು. ನಾನು ಅಜ್ಜಿಯ ಮಾತು ಕೇಳಿ ಒಂದು ತಿಂಗಳು ಬೇವಿನೆಣ್ಣೆ ಹಚ್ಚಿದೆ. ಆ ಒಂದು ತಿಂಗಳು ಅವಳು ನೆಟ್ಟಗೆ ನಿದ್ದೆ ಮಾಡಲಿಲ್ಲ. ಹಾಗೆ ಇನ್ನೊಂದು ನಾಯಿ ಒದ್ದಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಎಣ್ಣೆ, ಶಾಂಪೂ, ಬೆನ್ನಿಗೆ ಬಿಡುವ ಹನಿ, ಗುಳಿಗೆ, ಇಂಜೆಕ್ಷನ್ ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಬಹಳ ಜನ ಕೇಳುತ್ತಾರೆ. ತುರಿಕೆ ಯಾತರಿಂದ ಬಂದದ್ದು ಅಂತ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಿಕ್ಕೆ ಬರುವುದಿಲ್ಲ. ಚಿಗಟದ ತುರಿಕೆಗೆ ಎಷ್ಟು ಒಳ್ಳೆಯ ಶಾಂಪೂ ತಂದರೂ ಎರಡು ದಿನದ ಸಮಾಧಾನ ಅಷ್ಟೇ. ಫಂಗಸ್ ತುರಿಕೆಗೆ ಎಷ್ಟು ದುಬಾರಿ ಚಿಗಟದ ಗುಳಿಗೆ ನುಂಗಿಸಿದರೂ ದಂಡ. ಅದಕ್ಕೇ ಔಷಧ ಹೋಲಿಸುವ ಮೊದಲು ನಾಯಿಯ ಮೈ ನೋಡೋಣ.

ಎಲ್ಲಿ ಕೆರಕೊಳ್ಳುತ್ತದೆ?

ಸೊಂಟದ ಮೇಲೆ, ಬಾಲದ ಬುಡದಲ್ಲಿ, ತೊಡೆಯ ಹಿಂಭಾಗದಲ್ಲಿ ಕಡಿದುಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮುಂಗಾಲಿನ ಮೊಣಕೈ, ಹೊಟ್ಟೆಯಡಿ ಇಲ್ಲೆಲ್ಲ ಹೊಪ್ಪಳಿಕೆ ಎದ್ದು, ಊಟ ನಿದ್ದೆ ಬಿಟ್ಟು ಕೆರಕೊಳ್ಳುತ್ತಿದ್ದರೆ ಕಜ್ಜಿ, ಅಂದರೆ ಹುರುಕು. ಇದಕ್ಕೆ ವೈದ್ಯರು ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಮಡಚಿ ಮೆಲ್ಲಗೆ ಉಜ್ಜಿದರೆ, ಕಜ್ಜಿ ಇರುವ ನಾಯಿಯ ಹಿಂಗಾಲು ಬಹಳ ಸಲ ತಾನಾಗಿಯೇ ಕೆರೆಯುವಂತೆ ಆಡುತ್ತದೆ. ಕಜ್ಜಿಯ ನುಸಿ ಮನುಷ್ಯರ ಮೈಗೂ ದಾಟಿ ಕೆಲವು ದಿನ ಕಾಡುತ್ತದೆ. ನಾಯಿ ಎತ್ತಿಕೊಂಡವರ ತೋಳಿನ ಮೇಲೆ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದರೆ ಅದೇ ದೊಡ್ಡ ಸುಳಿವು.

ಮರಿಗೆ ಕಣ್ಣಿನ ಸುತ್ತ, ಬಾಯಿಯ ಸುತ್ತ, ಮುಂಗಾಲಿನ ಮೇಲೆ ತೇಪೆ ತೇಪೆಯಾಗಿ ಕೂದಲು ಉದುರಿ, ತುರಿಕೆ ಅಷ್ಟೇನೂ ಇಲ್ಲದಿದ್ದರೆ ಅದು ಡೆಮೊಡೆಕ್ಸ್ ಎನ್ನುವ ಇನ್ನೊಂದು ಜಾತಿಯ ನುಸಿ ಇರಬಹುದು. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಮರಿಗೆ ಬರುವ ನುಸಿ ಇದು, ದೊಡ್ಡ ನಾಯಿಗಳ ನಡುವೆ ಅಂಟುವುದಿಲ್ಲ, ಮನುಷ್ಯರಿಗೂ ಬರುವುದಿಲ್ಲ. ಪಾದ ನೆಕ್ಕಿ ನೆಕ್ಕಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿ, ಕಂಕುಳು, ತೊಡೆಸಂದು, ಕಿವಿ ಪದೇ ಪದೇ ಕೆಂಪಾಗುತ್ತಿದ್ದರೆ ಅಲರ್ಜಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್‌ಗಳಲ್ಲಿ ಇದು ಜಾಸ್ತಿ, ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಮೈ ಜಿಡ್ಡಾಗಿ ಹಳಸಿದ ವಾಸನೆ ಹೊಡೆದರೆ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್. ದುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟು ಕಂಡರೆ ಹುಳಕಡ್ಡಿ, ಅದೂ ಫಂಗಸ್ಸೇ. ಇದು ಮಕ್ಕಳಿಗೂ ಅಂಟುತ್ತದೆ.

ಉಣ್ಣಿಯ ಮಾತೇ ಬೇರೆ. ಅದು ಕಡಿದ ಕಡೆ ಗಂಟಾಗಬಹುದು, ಸ್ವಲ್ಪ ತುರಿಸಬಹುದು. ಆದರೆ ಉಣ್ಣಿಯಿಂದ ಹೆದರಬೇಕಾದ್ದು ತುರಿಕೆಗಲ್ಲ, ಅದು ರಕ್ತಕ್ಕೆ ಬಿಡುವ ಎರ್ಲಿಕಿಯಾ, ಬಬೇಸಿಯಾ ರೋಗಾಣುಗಳಿಗೆ. ಉಣ್ಣಿ ಕಂಡ ನಾಯಿ ಊಟ ಬಿಟ್ಟು ಮಂಕಾದರೆ, ಜ್ವರ ಬಂದರೆ, ವಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ ಈ ಬರಹ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಒದ್ದೆ ಧೋತರದ ಪರೀಕ್ಷೆ

ಕೆಂಪಿಯ ಮೈ ಮೇಲೆ ನನಗೆ ಒಂದೂ ಚಿಗಟ ಕಂಡಿರಲಿಲ್ಲ. ಹಾಗಾಗಿ ಚಿಗಟ ಇಲ್ಲ ಅಂತಲೇ ನಂಬಿದ್ದೆ. ಕೊನೆಗೆ ವೈದ್ಯರು ಹೇಳಿಕೊಟ್ಟ ಹಾಗೆ ಮಾಡಿದೆ. ಅಪ್ಪನ ಹಳೆಯ ಬಿಳಿ ಧೋತರದ ತುಂಡೊಂದನ್ನು ನೀರಲ್ಲಿ ಅದ್ದಿ ಹಿಂಡಿ ಅವಳ ಪಕ್ಕ ಹಾಸಿದೆ. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯನ್ನು ಸೊಂಟದಿಂದ ಬಾಲದ ಕಡೆಗೆ ಚರ್ಮಕ್ಕೆ ತಾಗಿಸಿ ಎಳೆದು, ಹಣಿಗೆಯನ್ನು ಆ ಬಟ್ಟೆಯ ಮೇಲೆ ಕೊಡವಿದೆ. ಗಸಗಸೆಗಿಂತ ಸಣ್ಣ ಕರೀ ಕಾಳು ಬಿದ್ದವು, ಮಣ್ಣಿನ ಹಾಗೆ. ನೋಡುತ್ತಿದ್ದಂತೆ ಒಂದೊಂದು ಕಾಳಿನ ಸುತ್ತ ಒದ್ದೆ ಬಟ್ಟೆಯಲ್ಲಿ ಕೆಂಗಂದು ಬಣ್ಣ ಬಿಟ್ಟುಕೊಂಡಿತು, ನೀರು ಬಿದ್ದ ಕುಂಕುಮದ ಹಾಗೆ. ಅದು ಚಿಗಟದ ಹಿಕ್ಕೆ, ಕೆಂಪಿಯದೇ ರಕ್ತ. ಮಣ್ಣಾಗಿದ್ದರೆ ಹಾಗೆ ಕೆಂಪು ಬಿಡುತ್ತಿರಲಿಲ್ಲ. ಒಂದು ತಿಂಗಳಿನ ಬೇವಿನೆಣ್ಣೆಗಿಂತ ಎರಡು ನಿಮಿಷದ ಈ ಕೆಲಸ ನನಗೆ ಹೆಚ್ಚು ತಿಳಿಸಿತು.

ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕು, ದಿನಗಟ್ಟಲೆ ತುರಿಕೆ ನಿಲ್ಲುವುದಿಲ್ಲ. ನೆಕ್ಕುತ್ತ ನೆಕ್ಕುತ್ತ ಅದು ಚಿಗಟವನ್ನೇ ನುಂಗಿಬಿಡುವುದರಿಂದ ನಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ. ಹೀಗೆ ನುಂಗಿದ ಚಿಗಟದಿಂದ ಲಾಡಿಹುಳವೂ ಆಗುತ್ತದೆ; ಮಲದಲ್ಲಿ ಅಥವಾ ಬಾಲದ ಕೆಳಗೆ ಅಕ್ಕಿ ನುಚ್ಚಿನಂಥ ತುಣುಕು ಕಂಡರೆ ಜಂತಿನ ಔಷಧವೂ ಬೇಕು.

ಚಿಗಟ, ಉಣ್ಣಿಗೆ ಐದು ದಾರಿ

ಶಾಂಪೂ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಮೈ ಮೇಲೆ ಆ ಹೊತ್ತಿಗೆ ಇರುವ ಚಿಗಟ ಸಾಯುತ್ತವೆ. ಆದರೆ ಒಂದು ಮನೆಯ ಚಿಗಟದ ಸಂಸಾರದಲ್ಲಿ ನಾಯಿಯ ಮೈ ಮೇಲಿರುವುದು ಸುಮಾರು 5 ಪಾಲು. ಉಳಿದ 95 ಪಾಲು ಮೊಟ್ಟೆ, ಮರಿಹುಳ, ಗೂಡಿನ ರೂಪದಲ್ಲಿ ಹಾಸಿಗೆ, ಬಿರುಕು, ಕಸದಲ್ಲಿರುತ್ತದೆ. ಸ್ನಾನ ಮಾಡಿಸಿದ ನಾಯಿ ಹೋಗಿ ಅದೇ ಹಾಸಿಗೆಯಲ್ಲಿ ಮಲಗಿದರೆ ಮುಗಿಯಿತು. ಚಿಗಟಕ್ಕೆ ಶಾಂಪೂ ಒಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ.

ಹೆಗಲ ನಡುವೆ ಚರ್ಮದ ಮೇಲೆ ಬಿಡುವ ಹನಿ, ಫಿಪ್ರೊನಿಲ್ ಇರುವಂಥದ್ದು, ಸುಮಾರು ತಿಂಗಳು ಕೆಲಸ ಮಾಡುತ್ತದೆ. ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ನಂತರ ಸ್ನಾನ ಮಾಡಿಸಬಾರದು. ಬಿಸಿಲುಗಾಲದಲ್ಲಿ ಇದು ಚೆನ್ನ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ದಿನಾ ರಾಡಿ ತುಳಿದು ಮೈ ತೊಳೆಸಿಕೊಳ್ಳುವ ನಾಯಿಗೆ ನಾನು ಇದನ್ನು ಆರಿಸುವುದಿಲ್ಲ.

ಕೊರಳಪಟ್ಟಿಯಲ್ಲಿ ಎರಡು ತರಹ. ಔಷಧ ಇರುವಂಥವು ತಿಂಗಳುಗಟ್ಟಲೆ ಬಾಳುತ್ತವೆ. ಚರ್ಮಕ್ಕೆ ತಾಗುವಂತೆ, ಎರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಹಗಲೆಲ್ಲ ನಾಯಿಯ ಕೊರಳು ತಬ್ಬಿಕೊಳ್ಳುವ ಸಣ್ಣ ಮಕ್ಕಳಿರುವ ಮನೆಗೆ ಬೇಡ. ಬರೀ ಬೇವು, ಲಿಂಬೆಹುಲ್ಲಿನ ವಾಸನೆಯ ಪಟ್ಟಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಹೋದ ದುಡ್ಡು.

ಗುಳಿಗೆಯ ಬೆಲೆ ಕೇಳಿದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅಫೋಕ್ಸೊಲಾನರ್ ಇರುವುದು ತಿಂಗಳಿಗೊಮ್ಮೆ, ಫ್ಲುರಲಾನರ್ ಇರುವುದು ಚಿಗಟಕ್ಕೆ ಸುಮಾರು 12 ವಾರ. ಸ್ನಾನ ಮಾಡಿಸಿದರೂ, ಮಳೆಯಲ್ಲಿ ನೆನೆದರೂ ಇದು ತೊಳೆದು ಹೋಗುವುದಿಲ್ಲ, ಮಕ್ಕಳ ಕೈಗೆ ತಾಗುವುದಿಲ್ಲ. ಕಜ್ಜಿಗೂ ಡೆಮೊಡೆಕ್ಸ್‌ಗೂ ಈಗ ವೈದ್ಯರು ಇದೇ ಗುಂಪಿನ ಔಷಧ ಕೊಡುತ್ತಾರೆ. ನಾನು ಲೆಕ್ಕ ಹಾಕಿ ನೋಡಿದೆ: ಒಂದು ಮಳೆಗಾಲದಲ್ಲಿ ಎಣ್ಣೆ, ಪುಡಿ, ಸಾಬೂನು, ಟ್ಯೂಬ್ ಅಂತ ಚಿಲ್ಲರೆ ಚಿಲ್ಲರೆಯಾಗಿ ಹೋದ ದುಡ್ಡಿನಲ್ಲಿ ಗುಳಿಗೆ ಬರುತ್ತಿತ್ತು. ಕೈಯಲ್ಲಿ ಇರುವುದು ಒಂದೇ ಖರ್ಚಿಗೆ ದುಡ್ಡು ಅಂದರೆ ಅದನ್ನು ಇದಕ್ಕೇ ಇಡಿ. ಎಚ್ಚರಿಕೆಯೂ ಇದೆ. ಮೂರ್ಛೆ ಬರುವ ನಾಯಿಗೆ ಈ ಗುಂಪಿನ ಗುಳಿಗೆ ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ನಡುಕ, ಸೆಳವು ಬರುವ ಸಾಧ್ಯತೆ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿಯೇ ಎಚ್ಚರಿಸಿದೆ. ತೂಕ ನೋಡಿಯೇ ಗುಳಿಗೆ. ದೊಡ್ಡ ನಾಯಿಯದನ್ನು ಮುರಿದು ಎರಡು ಮರಿಗೆ ಹಂಚಬಾರದು.

ಐದನೆಯದು ಹಾಲಿನ ಕಾಕಾ ತಂದಿಟ್ಟ ದನದ ಔಷಧ. ನವಲಗುಂದ, ಕಲಘಟಗಿ ಕಡೆ ಹೊಲಮನೆಗಳಲ್ಲಿ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಬಾಟಲಿ ಇರುವುದು ಸಹಜ. ದನಕ್ಕೆ ಬೆರೆಸುವ ಅಳತೆಯಲ್ಲಿ, ಇನ್ನೂ ಕೆಟ್ಟದ್ದೆಂದರೆ ಅಳತೆಯೇ ಇಲ್ಲದೆ ಮುಚ್ಚಳದಲ್ಲಿ ಸುರುವಿ, ನಾಯಿಯ ಮೈಗೆ ಹಚ್ಚಿದರೆ ಅದು ನೆಕ್ಕಿಕೊಂಡು ಜೊಲ್ಲು ಸುರಿಸುತ್ತ, ನಡುಗುತ್ತ ಬೀಳುತ್ತದೆ. ಮನೆಯಲ್ಲಿ ಬೆಕ್ಕಿದ್ದರಂತೂ ಇದು ಬೆಕ್ಕಿಗೆ ಪ್ರಾಣಕ್ಕೇ ಕುತ್ತು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್‌ನಿಂದ ಕಾಲಿ (collie) ಎನ್ನುವ ಕುರಿ ಕಾಯುವ ಜಾತಿಯ ನಾಯಿಗಳು ಸತ್ತದ್ದೂ ಉಂಟು. ಕಾಕಾನಿಗೆ ನಾನು ಬಾಟಲಿ ವಾಪಸು ಕೊಟ್ಟು, ಕೊಟ್ಟಿಗೆಗೆ ಇರಲಿ ಅಂದೆ.

ಯಾವುದನ್ನು ಆರಿಸಿದರೂ ಹಾಸಿಗೆಯ ಕೆಲಸ ತಪ್ಪುವುದಿಲ್ಲ. ಕೆಂಪಿ ಮಲಗುತ್ತಿದ್ದದ್ದು ಅಮ್ಮ ಹೊಲಿದ ಹಳೆಯ ಕೌದಿಯ ಮೇಲೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಕೌದಿಗಿಂತ ಬೆಚ್ಚನೆಯ ಜಾಗ ಚಿಗಟದ ಮೊಟ್ಟೆಗೆ ಸಿಗಲಿಕ್ಕಿಲ್ಲ. ಅದನ್ನು ಹಂಡೆಯ ಕುದಿ ನೀರಿನಲ್ಲಿ ನೆನೆಹಾಕಿ, ಒಗೆದು, ಬಿಸಿಲಿಗೆ ಹರವಿದೆವು. ವಾರಕ್ಕೊಮ್ಮೆ ಒಗೆಯಲು ಸುಲಭವಾಗಲಿ ಅಂತ ಆಮೇಲೆ ಒಂದು ಪದರಿನ ಹಾಸು ಹಾಕಿದೆವು. ಕಲ್ಲಿನ ಸಂದು, ಕಟ್ಟೆಯ ಬಿರುಕು, ಗೋಣಿಚೀಲ ಇಡುವ ಮೂಲೆ ಗುಡಿಸಿ ಕಸ ಹೊರಗೆ ಹಾಕಬೇಕು. ಉಣ್ಣಿ ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಆದ್ದರಿಂದ ಬಿರುಕಿಗೆ ಸಿಮೆಂಟು ಮೆತ್ತಿಸುವುದೂ ಔಷಧದಷ್ಟೇ ಉಪಯೋಗ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಗುಳಿಗೆ ಕೊಟ್ಟ ಮೇಲೂ ಕೆಲವು ವಾರ ಒಂದೊಂದು ಕಂಡರೆ ಔಷಧ ಸುಳ್ಳು ಅಂತ ಬಿಡಬೇಡಿ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವುಗಳದೇ ಔಷಧ ಒಟ್ಟಿಗೇ ಆಗಬೇಕು, ಕಡಿಮೆ ಎಂದರೂ ಮೂರು ತಿಂಗಳು.

ಉಣ್ಣಿ ಕೀಳುವಾಗ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಸ್ಪಿರಿಟ್ ಇರುವ ಸೀಸೆಗೆ ಹಾಕಿ. ಉಗುರಿನಲ್ಲಿ ಚಿವುಟಿ ಸಿಡಿಸಬೇಡಿ. ಸೀಮೆಎಣ್ಣೆ, ಉರಿವ ಊದುಬತ್ತಿ ಬೇಡವೇ ಬೇಡ.

ಸ್ನಾನ: ಓಟ್ಸೋ, ಔಷಧದ ಶಾಂಪೂವೋ?

ದೀಪಾವಳಿ ಕಳೆದು ಥಂಡಿ ಗಾಳಿ ಶುರುವಾದ ಮೇಲೆ ಕೆಲವು ನಾಯಿಗಳಿಗೆ ಚರ್ಮ ಒಣಗಿ ಹೊಟ್ಟು ಏಳುತ್ತದೆ. ಗಾಯ ಇಲ್ಲ, ವಾಸನೆ ಇಲ್ಲ, ಸ್ವಲ್ಪ ಕೆರೆತ. ಇದಕ್ಕೆ ಓಟ್ಸ್ ಸಾಕು. ಸಕ್ಕರೆ ಮಸಾಲೆ ಇಲ್ಲದ ಬರೀ ಓಟ್ಸನ್ನು ಮಿಕ್ಸರಿನಲ್ಲಿ ನುಣ್ಣಗೆ ಮಾಡಿ, ಆ ಪುಡಿಯನ್ನು ಒಂದು ಚಮಚದಷ್ಟು ನೀರಿಗೆ ಹಾಕಿ ನೋಡಿದರೆ ನೀರು ಹಾಲಿನಂತಾಗಬೇಕು. ತಳಕ್ಕೆ ಕೂತರೆ ಇನ್ನೂ ರುಬ್ಬಿ. ಉಗುರುಬೆಚ್ಚಗಿಂತಲೂ ತಂಪಾದ ನೀರಿನಲ್ಲಿ ಕಲಸಿ ಹತ್ತು ನಿಮಿಷ ಮೈ ಮೇಲೆ ಸುರಿಯುತ್ತಿರಿ. ಬಿಸಿ ನೀರು ತುರಿಕೆ ಹೆಚ್ಚಿಸುತ್ತದೆ. ಇಂಥ ಒಣ ಚರ್ಮಕ್ಕೆ ತೀರ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿದರೂ ಅಡ್ಡಿಯಿಲ್ಲ.

ಮಳೆಗಾಲದ ತುರಿಕೆಗೆ ಮಾತ್ರ ಎಣ್ಣೆ ತದ್ವಿರುದ್ಧ ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲ ಬುಡ ಆರುವುದೇ ಇಲ್ಲ, ಒದ್ದೆಯಲ್ಲಿ ಯೀಸ್ಟ್ ಬೆಳೆಯುತ್ತದೆ. ಅದರ ಮೇಲೆ ಎಣ್ಣೆ ಹಚ್ಚಿದರೆ ಯೀಸ್ಟಿಗೆ ಹಬ್ಬ. ಇಲ್ಲಿ ಕ್ಲೋರ್‌ಹೆಕ್ಸಿಡೀನ್, ಮೈಕೊನಜೋಲ್ ಎರಡೂ ಇರುವ ನಾಯಿ ಶಾಂಪೂ ಬೇಕು. ಬಹಳ ಜನ ಹಚ್ಚಿದ ತಕ್ಷಣ ತೊಳೆದುಬಿಡುತ್ತಾರೆ, ಆಮೇಲೆ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ನೊರೆ ಮೈ ಮೇಲೆ ಪೂರಾ ಹತ್ತು ನಿಮಿಷ ಇರಬೇಕು, ಗಡಿಯಾರ ನೋಡಿಕೊಂಡು. ಮೊದಲ ಎರಡು ಮೂರು ವಾರ ವಾರಕ್ಕೆ ಎರಡು ಸಲ, ಆಮೇಲೆ ವೈದ್ಯರು ಹೇಳಿದ ಹಾಗೆ. ಕೊನೆಗೆ ಒಂದು ಚೂರೂ ಶಾಂಪೂ ಉಳಿಯದಂತೆ ತೊಳೆದು, ಬೆರಳ ಸಂದು, ಕಂಕುಳು ಒರೆಸಿ ಆರಿಸಿ.

ನಮ್ಮ ಸಾಬೂನು, ನಮ್ಮ ಶಾಂಪೂ, ಡೆಟಾಲ್ ಬೇಡ. ನಾಯಿಯ ಚರ್ಮದ ಮೇಲ್ಪದರು ನಮ್ಮದಕ್ಕಿಂತ ತೆಳು, ಅದರ ಆಮ್ಲೀಯತೆಯೂ ಬೇರೆ. ಶೀಗೆಕಾಯಿ ಕಣ್ಣು ಉರಿಸುತ್ತದೆ.

ಹಚ್ಚುವ ಮನೆಮದ್ದುಗಳ ಬಗ್ಗೆ

ಬೇವಿನೆಣ್ಣೆಗೆ ಕೀಟ ದೂರವಿಡುವ ಗುಣ ಸ್ವಲ್ಪ ಇದೆ, ಆದರೆ ಈಗಾಗಲೇ ತುಂಬಿರುವ ಚಿಗಟಕ್ಕೆ ಅದು ಸಾಲದು. ನಾಯಿ ನೆಕ್ಕಿದರೆ ವಾಂತಿ, ಗಾಯಕ್ಕೆ ತಾಗಿದರೆ ಉರಿ. ಲೋಳೆಸರದ ತಿರುಳು ತಂಪು ಹೌದು; ಸಿಪ್ಪೆಯಡಿಯ ಹಳದಿ ರಸ ನೆಕ್ಕಿದರೆ ಭೇದಿಯಾಗುತ್ತದೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಔಷಧದ ಅಂಗಡಿಯ ಹುಳಕಡ್ಡಿ ಟ್ಯೂಬ್‌ಗಳಲ್ಲಿ ಬಹಳಷ್ಟರಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಕೆಂಪು ಇಳಿಯುತ್ತದೆ, ಒಳಗೊಳಗೆ ಫಂಗಸ್ ಹರಡುತ್ತದೆ, ಚರ್ಮ ಹಾಳೆಯಂತೆ ತೆಳುವಾಗುತ್ತದೆ. ಸತುವಿನ ಮುಲಾಮು, ಕ್ಯಾಲಮೈನ್ ಕೂಡ ನೆಕ್ಕಿದರೆ ಹೊಟ್ಟೆಗೆ ಕೆಟ್ಟದ್ದು.

ಗ್ಯಾರೇಜಿನ ಸುಟ್ಟ ಆಯಿಲ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಜ್ಜಿಗೆ ಅದೇ ಮದ್ದು ಅಂತ ಹುಬ್ಬಳ್ಳಿಯಲ್ಲೂ ಹಾವೇರಿಯಲ್ಲೂ ಇವತ್ತಿಗೂ ಹಚ್ಚುವವರಿದ್ದಾರೆ. ನಮ್ಮ ಓಣಿಯ ಹುಡುಗರು ಡೆಮೊಡೆಕ್ಸ್ ಆಗಿದ್ದ ಮರಿಯೊಂದಕ್ಕೆ ಪಾಪ ಒಳ್ಳೆಯದಾಗಲಿ ಅಂತಲೇ ಹಚ್ಚಿದ್ದರು. ನಾನು ನೋಡುವಾಗ ಅದು ಕಪ್ಪು ಬಳಿದ ಮೈ ನೆಕ್ಕಿ, ಕಪ್ಪು ನೊರೆ ವಾಂತಿ ಮಾಡಿಕೊಂಡು ಕಾಂಪೌಂಡಿನ ಮೂಲೆಯಲ್ಲಿ ನಡುಗುತ್ತಿತ್ತು. ಆ ಎಣ್ಣೆಯಲ್ಲಿ ಇಂಜಿನ್ನಿನ ಲೋಹದ ಅಂಶ, ಪೆಟ್ರೋಲಿಯಂ ವಿಷ ಎಲ್ಲ ಇರುತ್ತದೆ. ಮೈಗೆ ಹಚ್ಚಿದ್ದು ಕಂಡರೆ ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಕೂಡಲೇ ವೈದ್ಯರ ಹತ್ತಿರ ಒಯ್ಯಬೇಕು. ಆ ಮರಿ ಬದುಕಿತು. ಈಗ ಅದೇ ಹುಡುಗರು ಅದಕ್ಕೆ ಊಟ ಹಾಕುತ್ತಾರೆ.

ಮನೆಯಲ್ಲೇ ಮಾಡಬಹುದಾದ, ನಾನು ಕಣ್ಣು ಮುಚ್ಚಿ ಒಪ್ಪುವ ಒಂದು ಮದ್ದು ಉಪ್ಪುನೀರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚ. ಹಸಿ ಗಾಯದ ಸುತ್ತ ಕೂದಲು ಕತ್ತರಿಸಿ, ಇದರಲ್ಲಿ ಅದ್ದಿದ ಹತ್ತಿಯಿಂದ ದಿನಕ್ಕೆ ಎರಡು ಮೂರು ಸಲ ಒರೆಸಿ ಆರಲು ಬಿಡಿ. ನೆಕ್ಕದಂತೆ ಕೊರಳಿಗೆ ಬುಟ್ಟಿ, ಅಂದರೆ ಮುಖದ ಸುತ್ತ ಲಾಳಿಕೆಯ ಹಾಗೆ ನಿಲ್ಲುವ ಪಟ್ಟಿ, ಹಾಕುವುದು ಇದರ ಇನ್ನರ್ಧ.

ಅಲರ್ಜಿಯಾದರೆ

ನವನಗರದ ಗೆಳತಿಯ ಲ್ಯಾಬ್ರಡಾರ್ ಪ್ರತಿ ಮಳೆಗಾಲ ಪಾದ ನೆಕ್ಕುತ್ತದೆ. ಲೇಔಟ್‌ಗಳ ಖಾಲಿ ಸೈಟು ತುಂಬ ಕಾಂಗ್ರೆಸ್ ಹುಲ್ಲು. ಮನುಷ್ಯರಿಗೂ ದನಗಳಿಗೂ ಚರ್ಮದ ಅಲರ್ಜಿ ತರುವ ಗಿಡ ಅದು. ತಿರುಗಾಟಕ್ಕೆ ಆ ದಾರಿ ಬಿಟ್ಟು, ಮನೆಗೆ ಬಂದ ಕೂಡಲೇ ಪಾದ ಹೊಟ್ಟೆ ಒರೆಸುವ ರೂಢಿ ಮಾಡಿದ ಮೇಲೆ ಅರ್ಧ ಕಡಿಮೆಯಾಗಿದೆ. ಉಳಿದರ್ಧಕ್ಕೆ ವೈದ್ಯರ ಔಷಧವೇ ಬೇಕಾಯಿತು.

ಆ ಔಷಧಗಳಲ್ಲೂ ಆಯ್ಕೆ ಇದೆ, ಕೇಳಿ ತಿಳಿದುಕೊಳ್ಳಿ. ಸ್ಟೀರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ನೀರಡಿಕೆ, ಹಸಿವು, ಮೂತ್ರ ಜಾಸ್ತಿಯಾಗುತ್ತದೆ, ತಿಂಗಳುಗಟ್ಟಲೆ ಕೊಟ್ಟರೆ ಒಳಗಿನ ಅಂಗಗಳಿಗೆ ಪೆಟ್ಟು. ನಾವಾಗಿ ಥಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಚರ್ಮ ಕೆರೆದು ಪರೀಕ್ಷೆ ಮಾಡುವ ಮೊದಲೇ "ತುರಿಕೆ ನಿಲ್ಲೋ ಇಂಜೆಕ್ಷನ್ ಕೊಡ್ರಿ" ಅಂತ ಒತ್ತಾಯ ಮಾಡಬೇಡಿ. ಡೆಮೊಡೆಕ್ಸ್ ಇದ್ದರೆ ಅದು ಮೈಯೆಲ್ಲ ಹಬ್ಬುತ್ತದೆ. ಒಕ್ಲಾಸಿಟಿನಿಬ್ ಗುಳಿಗೆ ದುಬಾರಿ, ಒಂದು ದಿನದೊಳಗೆ ತುರಿಕೆ ಇಳಿಸುತ್ತದೆ. ಒಂದು ವರ್ಷದೊಳಗಿನ ಮರಿಗೆ ಕೊಡುವುದಿಲ್ಲ. ಸೆಟ್ರಿಜಿನ್ ಕೆಲವೇ ನಾಯಿಗಳಿಗೆ ತಾಗುತ್ತದೆ. ಅದನ್ನೂ ಕೇಳದೆ ಕೊಡಬೇಡಿ. ನೆಗಡಿ ಔಷಧ ಬೆರೆತ ಗುಳಿಗೆ ನಾಯಿಗೆ ಅಪಾಯ.

ಆಹಾರದ ಅಲರ್ಜಿ ಎಲ್ಲರೂ ಅಂದುಕೊಂಡಷ್ಟು ಸಾಮಾನ್ಯವಲ್ಲ. ಅನುಮಾನವಿದ್ದರೆ, ನಾಯಿ ಹಿಂದೆಂದೂ ತಿನ್ನದ ಒಂದು ಬಗೆಯ ಪ್ರೋಟೀನಿನ ಊಟ ಎಂಟು ವಾರ, ಬೇರೇನೂ ಇಲ್ಲ. ಆ ಎಂಟು ವಾರದಲ್ಲಿ ಮೊಮ್ಮಗ ಕೊಟ್ಟ ಒಂದು ಚೂರು ಪೇಡೆ, ಮೊಸರನ್ನದ ಒಂದು ತುತ್ತು ಸಹ ಲೆಕ್ಕ ಕೆಡಿಸುತ್ತದೆ, ಯಾಕೆಂದರೆ ಹಾಲು, ಕೋಳಿ, ಗೋದಿ ಇವೇ ಮುಖ್ಯ ಅನುಮಾನಿತರು. ಅಲರ್ಜಿ ಇರಲಿ ಬಿಡಲಿ, ಉಳ್ಳಾಗಡ್ಡಿ ಬಿದ್ದ ಸಾರು, ಗಿರ್ಮಿಟ್ ಯಾವ ನಾಯಿಗೂ ಹಾಕಬೇಡಿ. ಉಳ್ಳಾಗಡ್ಡಿ ಅದರ ರಕ್ತ ಕೆಡಿಸುತ್ತದೆ.

ಆಸ್ಪತ್ರೆಗೆ ಹೋಗುವ ಮೊದಲು

ಮೈ ಮೇಲೆ ಕೀವು ಬಂದರೆ, ಕಿವಿಯಿಂದ ವಾಸನೆ ಬಂದರೆ, ಮನೆಮಂದಿಗೂ ತುರಿಕೆ ಹತ್ತಿದರೆ, ಮರಿಗೆ ಕೂದಲು ಉದುರಿದರೆ, ಚಿಗಟದ ಔಷಧ ಸರಿಯಾಗಿ ಕೊಟ್ಟು ಒಂದು ತಿಂಗಳಾದರೂ ತುರಿಕೆ ನಿಲ್ಲದಿದ್ದರೆ ಮನೆ ಆರೈಕೆ ಸಾಕು ಮಾಡಿ. ಹುಬ್ಬಳ್ಳಿ, ಧಾರವಾಡ, ಹಾವೇರಿಯಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂತ ಕೇಳಲು ಸಂಕೋಚ ಬೇಡ.

ನೀಟಾಗಿ ಕಾಣಲಿ ಅಂತ ಹಿಂದಿನ ದಿನ ಸ್ನಾನ ಮಾಡಿಸಿ ಕರೆದೊಯ್ಯುತ್ತೇವಲ್ಲ, ಅದನ್ನು ಮಾಡಬೇಡಿ. ಎರಡು ಮೂರು ದಿನ ಸ್ನಾನವಿಲ್ಲದೆ, ಏನೂ ಹಚ್ಚದೆ ಒಯ್ದರೆ ಅವರು ನೋಡಬೇಕಾದ್ದು ಮೈ ಮೇಲೆ ಉಳಿದಿರುತ್ತದೆ. ಮೊದಲ ದಿನದಿಂದ ತೆಗೆದ ಫೋಟೊ ಮೊಬೈಲಿನಲ್ಲಿರಲಿ, ಈವರೆಗೆ ಹಚ್ಚಿದ, ನುಂಗಿಸಿದ ಎಲ್ಲದರ ಖಾಲಿ ಟ್ಯೂಬು, ಬಾಟಲಿ, ಚೀಟಿ ಒಂದು ಚೀಲದಲ್ಲಿ ಹಾಕಿಕೊಳ್ಳಿ. ನಾನು ಕೆಂಪಿಯ ಜೊತೆ ಕೆಂಪು ಕಲೆಯಾದ ಆ ಧೋತರದ ತುಂಡನ್ನೂ ಮಡಚಿ ಒಯ್ದಿದ್ದೆ. ವೈದ್ಯರು ಅದನ್ನು ಬಿಡಿಸಿ ನೋಡಿ, ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗುಳಿಗೆ ಬರೆದರು. ಐದನೆಯ ರಾತ್ರಿ ಹಾಸುಗಲ್ಲಿನ ಸದ್ದು ಕೇಳಲಿಲ್ಲ. ನಾನು ಎದ್ದು ಹೋಗಿ ನೋಡಿದೆ. ಹೊಸ ಹಾಸಿನ ಮೇಲೆ ಕಾಲು ಚಾಚಿ ಮಲಗಿದ್ದಳು.